ಹೆರಾಲ್ಡ್ ಬ್ಲ್ಯಾಕ್: ಫೆರಿಯಲ್ಲಿ ಹೊಳೆದ ಉಪಾಯ

ಹೆರಾಲ್ಡ್ ಬ್ಲ್ಯಾಕ್ ಹುಟ್ಟಿದ್ದು 1898ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. 1921ರಲ್ಲಿ ಎಂಜಿನಿಯರಿಂಗ್ ಮುಗಿಸಿ ವೆಸ್ಟರ್ನ್ ಎಲೆಕ್ಟ್ರಿಕ್ ಸೇರಿದರು. ಆಗ ದೂರದ ಫೋನ್ ಕರೆಗಳು ಒಂದರ ಹಿಂದೊಂದು ಆಂಪ್ಲಿಫೈಯರ್ ದಾಟಬೇಕಿತ್ತು. ಪ್ರತಿಯೊಂದೂ ದನಿಯನ್ನು ಇಷ್ಟಿಷ್ಟು ಕೆಡಿಸಿ, ಕೊನೆಗೆ ಮಾತೇ ತಿಳಿಯುತ್ತಿರಲಿಲ್ಲ.

1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿಯ ಫೆರಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ದಾರಿ ಹೊಳೆಯಿತು. ಹೊರಬಂದ ಸಂಕೇತದ ಒಂದಂಶವನ್ನು ತಿರುಗಿಸಿ ಮತ್ತೆ ಒಳಗೆ ಕೊಟ್ಟರೆ ಬಲ ಕುಗ್ಗುತ್ತದೆ, ಆದರೆ ದೋಷವೂ ಅಷ್ಟೇ ಕುಗ್ಗುತ್ತದೆ. ಕೈಯಲ್ಲಿದ್ದ ದಿನಪತ್ರಿಕೆಯ ಮೇಲೆಯೇ ಬರೆದಿಟ್ಟರು. ನೆಗೆಟಿವ್ ಫೀಡ್‌ಬ್ಯಾಕ್ ಎಂದು ನಾವು ಓದುವುದು ಇದನ್ನೇ. ಗಳಿಸಿದ ಬಲವನ್ನು ಕೈಯಾರೆ ಕಳೆಯುವುದೇ ಎಂದು ಅನುಮಾನಿಸಿದವರು ಬಹಳ. ಪೇಟೆಂಟ್ ಕೈಗೆ ಬಂದದ್ದು 1937ರಲ್ಲಿ. 1983ರಲ್ಲಿ ತೀರಿಕೊಂಡರು.

ಕಲಬುರಗಿಯಲ್ಲಿ ಸೆಕೆಂಡ್ ಹ್ಯಾಂಡ್ ಆಂಪ್ಲಿಫೈಯರ್ ಕೊಳ್ಳಬಹುದೇ, ಹೊಸದೇ ಬೇಕೇ ಎಂದು ಕಮಲಾಪುರದಿಂದ ಬರುವ ಗೆಳೆಯರು ಕೇಳುತ್ತಾರೆ. ನಲವತ್ತು ವರ್ಷದ ಹಳೆಯ ಸೆಟ್ಟಿನಲ್ಲೂ ಇಂದಿನದರಲ್ಲೂ ಕೆಲಸ ಮಾಡುವುದು ಬ್ಲ್ಯಾಕ್ ಅವರ ಉಪಾಯವೇ. ಸವೆಯುವುದು ಕೆಪಾಸಿಟರ್, ವಾಲ್ಯೂಮ್ ಕಂಟ್ರೋಲ್, ಸ್ವಿಚ್ಚು, ಇವನ್ನು ಬದಲಿಸಬಹುದು. ಅರ್ಧ ಗಂಟೆ ಹಾಡಿಸಿ, ಗುಂಯ್ ಸದ್ದು ಬರುತ್ತದೆಯೇ, ಎರಡೂ ಸ್ಪೀಕರ್ ಸಮನಾಗಿ ನುಡಿಯುತ್ತವೆಯೇ ಕೇಳಿ. ರಿಪೇರಿ ಖರ್ಚು ಸೇರಿ ಹೊಸದರ ಬೆಲೆ ಮುಟ್ಟಿದರೆ ಮಾತ್ರ ಬಿಟ್ಟುಬಿಡಿ.