ಹೆಸರಿಗಾಗಿ ಸವೆದ ಬದುಕು: ಆಲೂರು ವೆಂಕಟರಾಯರು

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳ ಸೀಮೆಯನ್ನು ಬ್ರಿಟಿಷ್ ಅಧಿಕಾರಿಗಳು ದಕ್ಷಿಣ ಮರಾಠಾ ದೇಶವೆಂದು ಕರೆಯುತ್ತಿದ್ದರು. ಆ ನೆಲವನ್ನು ಹಾದುಹೋಗುತ್ತಿದ್ದ ರೈಲು ಕಂಪನಿಯ ಹೆಸರೂ ಸದರ್ನ್ ಮರಾಠಾ ರೈಲ್ವೆ ಎಂದೇ ಇತ್ತು. ಪಶ್ಚಿಮದ ಕಡಲ ದಂಡೆ ಕೆನರಾ ಆಗಿತ್ತು. ಅದರಲ್ಲಿ ಉತ್ತರದ ಪಾಲು ಮುಂಬಯಿ ಆಧಿಪತ್ಯಕ್ಕೂ, ಕಾಸರಗೋಡನ್ನು ಒಳಗೊಂಡ ದಕ್ಷಿಣದ ಪಾಲು ಮದರಾಸು ಆಧಿಪತ್ಯಕ್ಕೂ ಸೇರಿದ್ದವು. ಒಡೆಯರ ಸಂಸ್ಥಾನ ಮೈಸೂರೆನಿಸಿತ್ತು. ರಾಯಚೂರು, ಗುಲಬರ್ಗಾ, ಬೀದರ್‌ಗಳು ನಿಜಾಮನ ಹೈದರಾಬಾದಿನಲ್ಲಿದ್ದವು. ಜತ್ತ, ಅಕ್ಕಲಕೋಟೆ, ಜಮಖಂಡಿ, ಮುಧೋಳ, ಸವಣೂರು, ಸೊಂಡೂರುಗಳು ಒಂದೊಂದು ಬೇರೆಯ ಸಂಸ್ಥಾನಗಳಾಗಿದ್ದವು. ಕನ್ನಡವನ್ನಾಡುವ ಜನ ಎಲ್ಲೆಡೆಯೂ ಇದ್ದರು. ಕರ್ನಾಟಕವೆಂಬ ಹೆಸರಿನ ಆಡಳಿತದ ನೆಲ ಮಾತ್ರ ಎಲ್ಲಿಯೂ ಇರಲಿಲ್ಲ.

ಆ ಹೆಸರು ಅಳಿದಿರಲಿಲ್ಲ. ಊರು ಬಿಟ್ಟು ಹೋಗಿತ್ತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗಿನ ನೆಲವನ್ನು ಕನ್ನಡ ನಾಡೆಂದು ಗುರುತಿಸಿತ್ತು. ವಿಜಯನಗರದ ಅರಸರ ರಾಜ್ಯ ಕರ್ಣಾಟ ಸಾಮ್ರಾಜ್ಯವೆಂದೇ ಪ್ರಸಿದ್ಧವಾಗಿತ್ತು. 1565ರ ರಕ್ಕಸ-ತಂಗಡಿ ಕಾಳಗದಲ್ಲಿ ರಾಜಧಾನಿ ಹಾಳಾದ ಮೇಲೆ ಅರಸೊತ್ತಿಗೆಯು ಮೊದಲು ಪೆನುಕೊಂಡೆಗೆ, ಬಳಿಕ ಚಂದ್ರಗಿರಿಗೆ, ಕೊನೆಗೆ ವೆಲ್ಲೂರಿಗೆ ಸರಿಯಿತು. ಅರಸರೊಡನೆ ಅವರ ರಾಜ್ಯದ ಹೆಸರೂ ಆಗ್ನೇಯಕ್ಕೆ ಸರಿಯಿತು. ಆಂಗ್ಲರು ಕರಾವಳಿಗೆ ಬಂದಾಗ ಕರ್ನಾಟಿಕ್ ಎಂಬ ಮಾತು ಆರ್ಕಾಟಿನ ನವಾಬನ ಸೀಮೆಗೆ, ಎಂದರೆ ಬಹುಪಾಲು ತಮಿಳರು ನೆಲೆಸಿದ ಬಯಲಿಗೆ, ಅಂಟಿಕೊಂಡಿತ್ತು. ಹೆಸರು ಒಂದೆಡೆ, ಹೆಸರಿನ ಜನ ಇನ್ನೊಂದೆಡೆ ಎಂಬ ಈ ಸ್ಥಿತಿಯಲ್ಲಿ ಎರಡನ್ನೂ ಮತ್ತೆ ಕೂಡಿಸುವುದೇ ತನ್ನ ಬಾಳಿನ ಕೆಲಸವೆಂದು ಬಗೆದವರು ಆಲೂರು ವೆಂಕಟರಾಯರು.

ವೆಂಕಟರಾಯರು ಹುಟ್ಟಿದ್ದು 1880ರ ಜುಲೈ 12ರಂದು, ವಿಜಾಪುರದಲ್ಲಿ. ತಂದೆ ಭೀಮರಾಯರು ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿದ್ದರು. ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳಲ್ಲಿ ಆಗ ಮರಾಠಿಯ ಪ್ರಭಾವ ಬಲವಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರ ಶ್ರಮದಿಂದ ಶಾಲೆಗಳಿಗೆ ಕನ್ನಡ ಮರಳಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ ಸ್ಥಾಪನೆಗೊಂಡಿತ್ತು. ಆದರೂ ಉನ್ನತ ವಿದ್ಯೆ ಬೇಕೆಂದವರು ಪುಣೆಯ ದಾರಿ ಹಿಡಿಯಬೇಕಾಗಿತ್ತು. ವೆಂಕಟರಾಯರೂ ಪುಣೆಯ ಫರ್ಗ್ಯೂಸನ್ ಕಾಲೇಜನ್ನು ಸೇರಿದರು. ತಿಲಕರ ಪ್ರಭಾವಕ್ಕೆ ಒಳಗಾದರು. ಸಾವರ್ಕರ್, ಸೇನಾಪತಿ ಬಾಪಟರ ಪರಿಚಯವೂ ಅಲ್ಲಿಯೇ ಆಯಿತು. 1903ರಲ್ಲಿ ಬಿ.ಎ. ಪದವಿಯನ್ನೂ 1905ರಲ್ಲಿ ಮುಂಬಯಿಯಲ್ಲಿ ಕಾನೂನು ಪದವಿಯನ್ನೂ ಪಡೆದು ಧಾರವಾಡಕ್ಕೆ ಮರಳಿ ವಕೀಲಿ ಆರಂಭಿಸಿದರು.

ಪುಣೆಯ ವಾಸ ಅವರಲ್ಲಿ ಎರಡು ಬೀಜಗಳನ್ನು ಬಿತ್ತಿತ್ತು: ಒಂದು ಸ್ವರಾಜ್ಯದ ಹಂಬಲ, ಇನ್ನೊಂದು ತನ್ನ ಜನರಿಗೆ ತಮ್ಮ ಇತಿಹಾಸದ ಅರಿವಿಲ್ಲವೆಂಬ ಕೊರಗು. ಸುತ್ತಲಿನ ಮರಾಠಿ ತರುಣರಿಗೆ ತಮ್ಮ ನಾಡಿನ ಹಿಂದಿನ ಕಥೆ ಬಾಯಿಪಾಠವಾಗಿತ್ತು. ಬಾದಾಮಿಯ ಚಾಲುಕ್ಯರು, ಮಾನ್ಯಖೇಟದ ರಾಷ್ಟ್ರಕೂಟರು ತನ್ನವರೆಂಬುದು ವಿಜಾಪುರದ ಹುಡುಗನಿಗೆ ಶಾಲೆಯಲ್ಲಿ ಯಾರೂ ಹೇಳಿಕೊಡದ ಸಂಗತಿಯಾಗಿತ್ತು. 1905ರಲ್ಲಿ ಹಂಪಿಯ ಹಾಳು ಗೋಡೆಗಳ ನಡುವೆ ನಿಂತಾಗ ಆ ಕೊರಗು ಸಂಕಲ್ಪವಾಗಿ ಮಾರ್ಪಟ್ಟಿತು. ಅದೇ ವರ್ಷ ಲಾರ್ಡ್ ಕರ್ಜನ್ನನ ಸರಕಾರ ಬಂಗಾಳವನ್ನು ಎರಡಾಗಿ ಸೀಳಿತು. ಒಂದೇ ಭಾಷೆಯಾಡುವ ಜನರನ್ನು ಇಬ್ಭಾಗ ಮಾಡಿದ್ದಕ್ಕೆ ಬಂಗಾಳಿಗಳು ಸಿಡಿದೆದ್ದರು. ಇಬ್ಭಾಗವಲ್ಲ, ಹತ್ತಾರು ಭಾಗವಾಗಿ ಹರಿದುಹೋಗಿದ್ದ ಕನ್ನಡಿಗರಲ್ಲಿ ಅಂಥ ನೋವೇ ಇಲ್ಲದಿರುವುದು ವೆಂಕಟರಾಯರನ್ನು ಕಾಡಿತು. ನೋವು ಇಲ್ಲದಿರಲು ಕಾರಣ ಮರೆವು. ಮರೆವು ಕಳೆಯದೆ ಏಕೀಕರಣದ ಮಾತು ಯಾರ ಕಿವಿಗೂ ಬೀಳದು ಎಂಬುದು ಅವರ ನಿಲುವಾಯಿತು.

ಆದುದರಿಂದಲೇ ಅವರ ಕಾರ್ಯ ರಾಜಕೀಯದಿಂದ ಆರಂಭವಾಗದೆ ಅಕ್ಷರದಿಂದ ಆರಂಭವಾಯಿತು. 1906ರಲ್ಲಿ ವಿದ್ಯಾವರ್ಧಕ ಸಂಘದ ಮಾಸಪತ್ರಿಕೆಯಾದ ವಾಗ್ಭೂಷಣದ ಸಂಪಾದಕತ್ವವನ್ನು ವಹಿಸಿಕೊಂಡರು. ಸ್ವದೇಶಿ ಚಳವಳಿಯ ಬಿಸಿಯಲ್ಲಿ ಧಾರವಾಡದಲ್ಲಿ ನೂತನ ವಿದ್ಯಾಲಯವೆಂಬ ರಾಷ್ಟ್ರೀಯ ಶಾಲೆಯನ್ನು ಕಟ್ಟಲು ಶ್ರಮಿಸಿದರು. ಬೇರೆ ಬೇರೆ ಆಡಳಿತಗಳಲ್ಲಿ ಚದುರಿದ್ದ ಕನ್ನಡ ಲೇಖಕರನ್ನು ಧಾರವಾಡದಲ್ಲಿ ಒಂದೆಡೆ ಕಲೆಹಾಕಿದರು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೆ ಕೆಲವು ವರ್ಷ ಮೊದಲೇ ನಡೆದ ಈ ಕೂಟಗಳು ಮುಂದಿನ ಸಾಹಿತ್ಯ ಸಮ್ಮೇಳನಗಳಿಗೆ ಹಾದಿ ತೋರಿದವು. ಈ ನಡುವೆ ವಕೀಲಿ ಹಿಂದೆ ಬಿದ್ದಿತು. ಕಡೆಗೆ ಅದನ್ನು ಬಿಟ್ಟೇಬಿಟ್ಟರು.

1917ರಲ್ಲಿ ಪ್ರಕಟವಾದ ಕರ್ನಾಟಕ ಗತವೈಭವ ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿದ ಗ್ರಂಥ. ಫ್ಲೀಟ್, ಭಂಡಾರಕರ್, ಸೀವೆಲ್ ಮೊದಲಾದವರು ಆಂಗ್ಲ ಭಾಷೆಯಲ್ಲಿ ಬರೆದು ವಿದ್ವಾಂಸರ ಕಪಾಟುಗಳಲ್ಲಿ ಉಳಿದಿದ್ದ ಸಂಗತಿಗಳನ್ನು ಆಲೂರರು ಸಾಮಾನ್ಯ ಓದುಗನ ಕನ್ನಡಕ್ಕೆ ತಂದರು. ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರಗಳ ಚರಿತ್ರೆಯನ್ನು ಅವರು ಬೇರೆ ಬೇರೆ ವಂಶಗಳ ಕಥೆಯಾಗಿ ಕಾಣಲಿಲ್ಲ. ಕರ್ನಾಟಕವೆಂಬ ಒಂದೇ ಜೀವದ ಬೆಳವಣಿಗೆಯಾಗಿ ಕಂಡರು. ಅರಸರ ಹಿರಿಮೆಯನ್ನು ಎತ್ತಿ ಹೇಳುವ ಉತ್ಸಾಹದಲ್ಲಿ ಒಕ್ಕಲಿನ, ಕುಶಲಕರ್ಮಿಯ ಬದುಕು ಅಲ್ಲಿ ಮಸುಕಾಗುತ್ತದೆ. ಈಚಿನ ಸಂಶೋಧನೆ ಅದರ ಅನೇಕ ಮಾತುಗಳನ್ನು ತಿದ್ದಿದೆ. ಆದರೆ ಆ ಗ್ರಂಥದ ಗುರಿ ಸಂಶೋಧನೆಯಾಗಿರಲಿಲ್ಲ. ತನ್ನ ನೆಲ ದಕ್ಷಿಣ ಮರಾಠಾ ದೇಶವೆಂದು ನಂಬಿ ಬೆಳೆದವನಿಗೆ ಅದರ ನಿಜವಾದ ಹೆಸರನ್ನು ನೆನಪಿಗೆ ತರುವುದೇ ಅದರ ಗುರಿಯಾಗಿತ್ತು, ಮತ್ತು ಅದು ಕೈಗೂಡಿತು.

ನೆನಪು ಮರಳಿದಂತೆ ಸಂಘಟನೆಯೂ ಬೆಳೆಯಿತು. 1916ರಲ್ಲಿ ಧಾರವಾಡದಲ್ಲಿ ಏಕೀಕರಣದ ಉದ್ದೇಶಕ್ಕಾಗಿಯೇ ಕರ್ನಾಟಕ ಸಭೆ ಹುಟ್ಟಿತು. ಕಡಪಾ ರಾಘವೇಂದ್ರರಾಯರಂಥವರು ಆಲೂರರ ಜೊತೆಗೂಡಿದರು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ತನ್ನ ಪ್ರಾಂತಿಕ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ರಚಿಸಲು ನಿರ್ಧರಿಸಿದಾಗ ಕರ್ನಾಟಕಕ್ಕೆ ಪ್ರತ್ಯೇಕ ಸಮಿತಿ ದೊರೆಯಿತು. ಸರಕಾರದ ನಕ್ಷೆಯಲ್ಲಿ ಇಲ್ಲದ ಹೆಸರು ಹೀಗೆ ರಾಷ್ಟ್ರೀಯ ಸಂಸ್ಥೆಯೊಂದರ ದಫ್ತರಕ್ಕೆ ಏರಿತು. 1922ರ ನವೆಂಬರಿನಲ್ಲಿ ವೆಂಕಟರಾಯರು ಜಯಕರ್ನಾಟಕ ಪತ್ರಿಕೆಯನ್ನು ಹೊರಡಿಸಿ, ಕರ್ನಾಟಕ ಪ್ರಾಂತದ ಸಾಧನೆಯೇ ಅದರ ಧ್ಯೇಯವೆಂದು ಸಾರಿದರು. ಮುಂದೆ ದ. ರಾ. ಬೇಂದ್ರೆಯವರೂ ಅದರ ಸಂಪಾದನೆಯ ಹೊಣೆ ಹೊತ್ತರು. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ, ಅದೇ ನೆಲದಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯ ಏಕೀಕರಣ ಪರಿಷತ್ತೂ ಸೇರಿತು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಅಲ್ಲಿ ಮೊಳಗಿ ಚಳವಳಿಗೆ ಹಾಡಿನ ಬಲವನ್ನು ಕೊಟ್ಟಿತು.

ಈ ಹೆಸರಿನ ಹಂಬಲ ದೇಶದಿಂದ ಬೇರೆಯಾಗುವ ಹಂಬಲವಲ್ಲವೇ ಎಂಬ ಶಂಕೆ ಅಂದೂ ಇತ್ತು. ಅದಕ್ಕೆ ಉತ್ತರವಾಗಿ ವೆಂಕಟರಾಯರು ಕರ್ನಾಟಕತ್ವವೆಂಬ ಕಲ್ಪನೆಯನ್ನು ರೂಪಿಸಿದರು. ಭಾರತವನ್ನು ಪ್ರೀತಿಸಲು ಕನ್ನಡಿಗನಿಗಿರುವ ಹತ್ತಿರದ ದಾರಿ ಕರ್ನಾಟಕದ ಪ್ರೀತಿಯೇ. ಅಂಗಗಳು ಮರಗಟ್ಟಿದರೆ ದೇಹ ಬಲಗೊಳ್ಳದು ಎಂಬುದು ಅದರ ಸಾರ. ಪುಣೆಯಲ್ಲಿ ಕಲಿತು, ತಿಲಕರ ಗೀತಾರಹಸ್ಯವನ್ನು ಮರಾಠಿಯಿಂದ ಕನ್ನಡಕ್ಕೆ ತಂದ ಅವರಿಗೆ ನೆರೆಯ ನುಡಿಯ ಮೇಲೆ ದ್ವೇಷವಿರಲಿಲ್ಲ. ಪುಣೆಯಲ್ಲಿ ಕಂಡ ನಾಡಭಿಮಾನ ತನ್ನವರಲ್ಲಿಯೂ ಮೂಡಲಿ ಎಂಬುದಷ್ಟೇ ಅವರ ಬಯಕೆಯಾಗಿತ್ತು.

ಹೊರಗಿನ ಶಂಕೆಗಿಂತ ಒಳಗಿನ ಹಿಂಜರಿಕೆ ಬಿಡಿಸಲು ಕಷ್ಟವಾಗಿತ್ತು. ಮೈಸೂರು ಸಂಸ್ಥಾನ ಆಡಳಿತ, ಶಿಕ್ಷಣ, ಕೈಗಾರಿಕೆಗಳಲ್ಲಿ ಮುಂದುವರಿದಿತ್ತು. ಹಿಂದುಳಿದ ಉತ್ತರದ ಜಿಲ್ಲೆಗಳೊಡನೆ ಸೇರಿದರೆ ತಾವು ಗಳಿಸಿದ್ದು ಕರಗೀತೆಂಬ ಅಳುಕು ಅಲ್ಲಿನ ಅನೇಕರಲ್ಲಿತ್ತು. 1930ರಲ್ಲಿ ಮೈಸೂರಿನಲ್ಲಿಯೇ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಧಾರವಾಡದ ಆಲೂರರು ಅಧ್ಯಕ್ಷರಾದದ್ದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾದ ಘಟನೆ. ಎರಡು ಆಡಳಿತಗಳು ಬೇರಿರಿಸಿದ್ದವರನ್ನು ಸಾಹಿತ್ಯ ಒಂದು ವೇದಿಕೆಗೆ ತಂದಿತು. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆಯಿತು. ತರುಣ ವಕೀಲನಾಗಿ ತಾನು ಕಂಡ ಹಾಳೂರಿನಲ್ಲಿ ನಾಡಿನ ಜನ ನೆರೆದದ್ದನ್ನು ವೆಂಕಟರಾಯರು ಐವತ್ತಾರರ ವಯಸ್ಸಿನಲ್ಲಿ ಕಂಡರು.

ಸ್ವಾತಂತ್ರ್ಯದ ಬಳಿಕ 1953ರಲ್ಲಿ ಆಂಧ್ರ ರಾಜ್ಯ ಉದಯಿಸಿತು. ಅದೇ ವರ್ಷ ಅದರಗುಂಚಿಯ ಶಂಕರಗೌಡರ ಉಪವಾಸ ಉತ್ತರದ ಜಿಲ್ಲೆಗಳನ್ನು ಕಲಕಿತು. ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ಸಲ್ಲಿಸಿದ ವರದಿಯು ಕನ್ನಡ ನೆಲಗಳನ್ನು ಕೂಡಿಸಲು ಶಿಫಾರಸು ಮಾಡಿ, ಹೊಸ ರಾಜ್ಯವನ್ನು ಕರ್ನಾಟಕವೆಂದೇ ಕರೆದಿತ್ತು. ಆದರೆ 1956ರ ಪುನರ್ವಿಂಗಡಣಾ ಕಾಯಿದೆಯಲ್ಲಿ ಆ ರಾಜ್ಯದ ಹೆಸರು ಮೈಸೂರು ಎಂದಾಯಿತು. ನವೆಂಬರ್ 1ರಂದು ರಾಜ್ಯ ಅಸ್ತಿತ್ವಕ್ಕೆ ಬಂದಾಗ ಎಪ್ಪತ್ತಾರು ವರ್ಷದ ವೆಂಕಟರಾಯರು ಹಂಪಿಗೆ ಹೋಗಿ ವಿರೂಪಾಕ್ಷ ದೇವಾಲಯದಲ್ಲಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ನಾಡನ್ನು ತಾಯಿಯ ರೂಪದಲ್ಲಿ ಕಾಣುವ ಸಂಕೇತ ಆ ಪೂಜೆಯಿಂದ ಇನ್ನಷ್ಟು ಬಲಗೊಂಡಿತು. ಜನ ಅವರನ್ನು ಕರ್ನಾಟಕದ ಕುಲಪುರೋಹಿತರೆಂದು ಕರೆದರು. ಆದರೆ ಪುರೋಹಿತರ ಮುಂದೆ ಇದ್ದ ಕೂಸಿಗೆ ಅವರು ಬಯಸಿದ ಹೆಸರು ಬಂದಿರಲಿಲ್ಲ.

ನೆರೆಯ ರಾಜ್ಯಗಳತ್ತ ನೋಡಿದರೆ ಈ ಕೊರತೆಯ ಸ್ವರೂಪ ಸ್ಪಷ್ಟವಾಗುತ್ತದೆ. ಅದೇ ದಿನ ತಿರುವಾಂಕೂರು-ಕೊಚ್ಚಿ ಎಂಬ ಹಳೆಯ ಸಂಸ್ಥಾನಗಳ ಹೆಸರು ಅಳಿದು ಕೇರಳವೆಂಬ ನಾಡಿನ ಹೆಸರು ಉಳಿಯಿತು. ಮದರಾಸು ರಾಜ್ಯಕ್ಕೆ ತಮಿಳುನಾಡೆಂಬ ಹೆಸರು ಬೇಕೆಂದು ಉಪವಾಸ ಕುಳಿತ ಶಂಕರಲಿಂಗನಾರರು 1956ರ ಅಕ್ಟೋಬರಿನಲ್ಲಿ ಪ್ರಾಣವನ್ನೇ ತೆತ್ತರು. ಆ ಹೆಸರು 1969ರಲ್ಲಿ ಬಂದಿತು. ಹೊಸ ಮೈಸೂರು ರಾಜ್ಯದ ಲಾಂಛನಕ್ಕೂ ಒಡೆಯರ ಮನೆತನದ ಗಂಡಭೇರುಂಡವೇ ಬಂದಿತು. ಅದಕ್ಕೆ ತಕರಾರು ಹುಟ್ಟಲಿಲ್ಲ. ಆ ಎರಡು ತಲೆಯ ಹಕ್ಕಿ ಹನ್ನೊಂದನೆಯ ಶತಮಾನದ ಬಳ್ಳಿಗಾವೆಯ ಕಂಬದ ಮೇಲೂ, ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೂ ಇತ್ತು. ಒಂದು ಮನೆತನದ್ದಾಗುವ ಮೊದಲೇ ಅದು ನಾಡಿನದಾಗಿತ್ತು. ಮೈಸೂರೆಂಬ ಹೆಸರಿಗೆ ಅಂಥ ಹರವು ಇರಲಿಲ್ಲ. ಬೀದರಿನ ರೈತನಿಗೂ ಕಾರವಾರದ ಮೀನುಗಾರನಿಗೂ ಅದು ದೂರದ ಊರೊಂದರ ಹೆಸರಾಗಿತ್ತು. ಆದರೆ ಹಳೆಯ ಮೈಸೂರಿನವರಿಗೆ ಅದು ಶತಮಾನಗಳ ಕೀರ್ತಿ ಹೊತ್ತ ಹೆಸರು. ಎರಡು ಕಡೆಯ ಭಾವನೆಯೂ ನಿಜವಾದದ್ದೇ ಆಗಿದ್ದರಿಂದ ವಿವಾದ ಬೇಗನೆ ಬಗೆಹರಿಯಲಿಲ್ಲ. ಅಂದಾನಪ್ಪ ದೊಡ್ಡಮೇಟಿಯವರಂಥವರು ಶಾಸನಸಭೆಯಲ್ಲಿ ಕರ್ನಾಟಕದ ಹೆಸರಿಗಾಗಿ ದನಿಯೆತ್ತಿದರೂ ಕೂಡಲೇ ಫಲ ದೊರೆಯಲಿಲ್ಲ.

ಹೆಸರಿನ ಕೊರತೆಯೊಡನೆ ನೆಲದ ಕೊರತೆಯೂ ಉಳಿಯಿತು. ಕಾಸರಗೋಡು ಕೇರಳಕ್ಕೆ ಸೇರಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಮುಂಬಯಿ ರಾಜ್ಯದಲ್ಲಿ, ತಾಳವಾಡಿ, ಹೊಸೂರುಗಳು ಮದರಾಸಿನಲ್ಲಿ, ಆದವಾನಿ, ರಾಯದುರ್ಗ, ಮಡಕಶಿರಾಗಳು ಆಂಧ್ರದಲ್ಲಿ ಉಳಿದವು. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಭಾಗಗಳನ್ನೂ ಮೈಸೂರಿಗೆ ಸೇರಿಸಲು ಹೇಳಿತಾದರೂ ಅದು ಜಾರಿಗೆ ಬರಲಿಲ್ಲ.

ಆ ವರದಿಯನ್ನು ನೋಡಲು ವೆಂಕಟರಾಯರು ಇರಲಿಲ್ಲ. ಬಾಳಿನ ಉತ್ತರಾರ್ಧದಲ್ಲಿ ಅವರ ಮನಸ್ಸು ಹೆಚ್ಚು ಹೆಚ್ಚಾಗಿ ಅಧ್ಯಾತ್ಮದತ್ತ ವಾಲಿತ್ತು. ಮಧ್ವ ಸಿದ್ಧಾಂತವನ್ನು ಕುರಿತು ಗ್ರಂಥಗಳನ್ನು ಬರೆದರು. ನನ್ನ ಜೀವನ ಸ್ಮೃತಿಗಳು ಎಂಬ ಆತ್ಮಕಥನ, ಕರ್ನಾಟಕತ್ವದ ವಿಕಾಸ ಮೊದಲಾದ ಕೃತಿಗಳು ಅವರ ಚಿಂತನೆಯ ಹಾದಿಯನ್ನು ತೋರಿಸುತ್ತವೆ. 1964ರ ಫೆಬ್ರವರಿ 25ರಂದು ಅವರು ತೀರಿಕೊಂಡಾಗ ಅವರು ಬಾಳಿದ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು.

ರಾಜ್ಯವೊಂದರ ಹೆಸರನ್ನು ಬದಲಿಸುವ ಅಧಿಕಾರವನ್ನು ಸಂವಿಧಾನದ 3ನೆಯ ವಿಧಿಯು ಸಂಸತ್ತಿಗೆ ಕೊಟ್ಟಿದೆ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1972ರಲ್ಲಿ ವಿಧಾನಮಂಡಲ ಹೆಸರಿನ ಬದಲಾವಣೆಗೆ ಒಪ್ಪಿತು. ಮರುವರ್ಷ ಸಂಸತ್ತು ಕಾಯಿದೆ ಮಾಡಿತು. 1973ರ ನವೆಂಬರ್ 1ರಿಂದ ಮೈಸೂರು ರಾಜ್ಯ ಕರ್ನಾಟಕವಾಯಿತು. ಹಳೆಯ ಮೈಸೂರಿನ ಸೀಮೆಯಿಂದಲೇ ಬಂದ ಮುಖ್ಯಮಂತ್ರಿಯ ಕಾಲದಲ್ಲಿ ಹಳೆಯ ಅಳುಕು ಕಳೆಯಿತು. ಅಷ್ಟು ಹೊತ್ತಿಗೆ ಕುಲಪುರೋಹಿತರು ಅಗಲಿ ಒಂಬತ್ತು ವರ್ಷಗಳಾಗಿದ್ದವು.

ನಾಮಕರಣದ ಆ ದಿನವೂ ಗಡಿಯಾಚೆಯ ಕನ್ನಡಿಗರಿಗೆ ಆ ಹೆಸರು ಅವರ ರಾಜ್ಯದ ಹೆಸರಾಗಲಿಲ್ಲ. ಆದರೆ ಆಲೂರರು ಕರ್ನಾಟಕವೆಂಬ ಮಾತನ್ನು ಬಳಸತೊಡಗಿದಾಗ ಅದು ಯಾರ ರಾಜ್ಯದ ಹೆಸರೂ ಆಗಿರಲಿಲ್ಲ. ಧಾರವಾಡದವನಿಗೂ ಜತ್ತದವನಿಗೂ ಮಂಜೇಶ್ವರದವನಿಗೂ ಅದು ಸಮಾನವಾಗಿ ನಕ್ಷೆಯ ಹೊರಗಿನ ಹೆಸರು. ಅರ್ಧ ಶತಮಾನ ಆ ಹೆಸರು ಬದುಕಿದ್ದು ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ, ಸಭೆಗಳಲ್ಲಿ, ಓದುವವರ ಮನಸ್ಸಿನಲ್ಲಿ. ಗಡಿನಾಡಿನ ಶಾಲೆ ಕಾಲೇಜುಗಳ ಕನ್ನಡ ತರಗತಿಗಳಲ್ಲಿ ಅದು ಇಂದಿಗೂ ಹಾಗೆಯೇ ಬದುಕಿದೆ. ವೆಂಕಟರಾಯರು ತಮ್ಮ ಕೆಲಸವನ್ನು ಆರಂಭಿಸಿದ್ದೂ ಅಂಥದೇ ಸ್ಥಿತಿಯಲ್ಲಿ.