ಇಂದಿನ ಧಮ್ಮ ಚಿಂತನ: ಗಡಿಯಾಚೆಗೂ ಬಾವಿ ತೋಡಿಸಿದ ಅಶೋಕ

 

ಇಂದು ಸಾಮ್ರಾಟ ಅಶೋಕನ ಬದುಕನ್ನು ನೆನೆಯೋಣ. ಅವನ ಹೆಸರು ಕೇಳದವರಿಲ್ಲ. ನಾವು ದಿನಾ ಎಣಿಸುವ ನಾಣ್ಯದ ಮೇಲೆ ಅವನ ಸಿಂಹಗಳಿವೆ, ರಾಷ್ಟ್ರಧ್ವಜದ ನಡುವೆ ಅವನ ಚಕ್ರವಿದೆ. ಕಳಿಂಗ ಯುದ್ಧ ಮಾಡಿದ, ಪಶ್ಚಾತ್ತಾಪ ಪಟ್ಟ, ಬೌದ್ಧನಾದ ಎಂದು ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಂಕವೂ ಸಿಗುತ್ತದೆ. ಪಶ್ಚಾತ್ತಾಪದ ಮರುದಿನದಿಂದ ಮುಂದಿನ ಸುಮಾರು 30 ವರ್ಷ ಅವನು ಏನು ಮಾಡಿದ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಕೇಳುವುದಿಲ್ಲ. ಇಂದಿನ ಚಿಂತನೆ ಅದರ ಬಗ್ಗೆಯೇ.

ಅಶೋಕ ನಮಗೆ ದೂರದವನಲ್ಲ. ಗವಿಮಠದ ಜಾತ್ರೆಗೆ ನಮ್ಮ ಭಾಗದಿಂದ ಎಷ್ಟೋ ಜನ ಕೊಪ್ಪಳಕ್ಕೆ ಹೋಗುತ್ತೇವೆ, ದಾಸೋಹಕ್ಕೆ ರೊಟ್ಟಿ ಕೊಟ್ಟು ಬರುತ್ತೇವೆ. ಅದೇ ಗವಿಮಠದ ಬೆಟ್ಟದ ಬಂಡೆಯ ಮೇಲೆ, ಮತ್ತು ಅದರ ಹತ್ತಿರದ ಪಾಲ್ಕಿಗುಂಡಿನ ಮೇಲೆ ಅವನು ಬರೆಯಿಸಿದ ಬ್ರಾಹ್ಮಿ ಲಿಪಿಯ ಸಾಲುಗಳಿವೆ. ಅವು ಲೋಕದ ಗಮನಕ್ಕೆ ಬಂದದ್ದು 1931ರಲ್ಲಿ. ಅದಕ್ಕೂ ಮೊದಲು, 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದವು. ಆ ಬಿರುದಿನ ದೊರೆ ಅಶೋಕನೇ ಎಂದು ಸಾಕ್ಷಿ ಹೇಳಿದ್ದು ನಮ್ಮ ನೆಲದ ಕಲ್ಲು.

ಆ ಕಾಲಕ್ಕೆ ನಮ್ಮ ಈ ಸೀಮೆ ಮೌರ್ಯ ರಾಜ್ಯದ ದಕ್ಷಿಣದ ಅಂಚು. ಇಲ್ಲಿಂದ ಕೆಳಗೆ ಚೋಳರು, ಪಾಂಡ್ಯರು, ಸತಿಯಪುತ್ರರು, ಕೇರಳಪುತ್ರರು. ಅವರು ಯಾರೂ ಅಶೋಕನ ಕೈಕೆಳಗಿನವರಲ್ಲ. ಅಂದರೆ ನಮ್ಮ ಊರುಗಳ ಹಿರಿಯರು ಅಂದು ಗಡಿಯ ಹತ್ತಿರದ ಜನ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

☸️ *ಕಳಿಂಗದ ಮೊದಲು ಮತ್ತು ನಂತರ*

ಅಶೋಕ ಚಂದ್ರಗುಪ್ತ ಮೌರ್ಯನ ಮೊಮ್ಮಗ, ಬಿಂದುಸಾರನ ಮಗ. ಅಜ್ಜ ಚಂದ್ರಗುಪ್ತ ಗ್ರೀಕ್ ದೊರೆ ಸೆಲ್ಯೂಕಸನೊಂದಿಗೆ ಒಪ್ಪಂದ ಮಾಡಿಕೊಂಡು, 500 ಆನೆಗಳನ್ನು ಕೊಟ್ಟು, ಪಶ್ಚಿಮದ ನಾಡುಗಳನ್ನು ಪಡೆದಿದ್ದ. ಯುವಕ ಅಶೋಕ ಉಜ್ಜಯಿನಿಯಲ್ಲಿ ರಾಜಪ್ರತಿನಿಧಿಯಾಗಿದ್ದ ಎಂದು ಬೌದ್ಧ ಪರಂಪರೆ ಹೇಳುತ್ತದೆ. ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರನ್ನೆಲ್ಲ ಕೊಂದ ಎಂಬ ಕತೆಯೂ ಅದೇ ಪರಂಪರೆಯದು. ಆದರೆ ಅವನು ಪಟ್ಟಕ್ಕೆ ಬಂದು ಹಲವು ವರ್ಷಗಳಾದ ಮೇಲೆ ಬರೆಯಿಸಿದ ಶಾಸನದಲ್ಲಿ ಅಣ್ಣತಮ್ಮಂದಿರ, ಅಕ್ಕತಂಗಿಯರ ಮನೆಗಳ ಪ್ರಸ್ತಾಪ ಬರುತ್ತದೆ. ಕತೆಗಿಂತ ಕಲ್ಲನ್ನು ನಂಬುವುದು ಮೇಲು.

ಪಟ್ಟವಾದದ್ದು ಸುಮಾರು ಕ್ರಿ.ಪೂ. 268ರಲ್ಲಿ. ಎಂಟು ವರ್ಷ ಕಳೆದ ಮೇಲೆ ಕಳಿಂಗದ ಮೇಲೆ, ಅಂದರೆ ಇಂದಿನ ಒಡಿಶಾದ ಕಡೆಗೆ ದಂಡೆತ್ತಿ ಹೋದ. ಗೆದ್ದ. ಗೆದ್ದ ದೊರೆಗಳು ಶತ್ರುಗಳ ಸಾವನ್ನು ಹೆಮ್ಮೆಯಿಂದ ಎಣಿಸುವುದು ವಾಡಿಕೆ. ಅಶೋಕ ಎಣಿಸಿದ್ದು ದುಃಖದಿಂದ. 1,50,000 ಜನರನ್ನು ಅವರ ನೆಲದಿಂದ ಎಳೆದೊಯ್ಯಲಾಯಿತು, 1,00,000 ಜನ ಯುದ್ಧದಲ್ಲಿ ಹತರಾದರು, ಅದರ ಎಷ್ಟೋ ಪಟ್ಟು ಜನ ಬೇರೆ ರೀತಿಯಲ್ಲಿ ಸತ್ತರು ಎಂದು ಹದಿಮೂರನೆಯ ಬಂಡೆ ಶಾಸನದಲ್ಲಿ ತಾನೇ ದಾಖಲಿಸಿದ.

ಅದೇ ಶಾಸನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯುದ್ಧದಲ್ಲಿ ಯಾವ ಗಾಯವೂ ಆಗದೆ ಉಳಿದವರಿಗೂ ನೋವಿದೆ ಎಂದು ಅವನು ಕಂಡುಕೊಂಡ. ಅವರ ಗೆಳೆಯರು, ಬಂಧುಗಳು, ಒಡನಾಡಿಗಳು ಸಂಕಟಕ್ಕೆ ಸಿಕ್ಕಾಗ ಆ ಪೆಟ್ಟು ಇವರಿಗೂ ತಗಲುತ್ತದೆ. ಕದನ ಮುಗಿದರೂ ಅದು ಮನೆಮನೆಯ ಒಳಗೆ ಮುಂದುವರಿಯುತ್ತದೆ. ಪಟಿಚ್ಚಸಮುಪ್ಪಾದವನ್ನು ನಾವು ಪಾಠವಾಗಿ ಓದುತ್ತೇವೆ. ದುಃಖಕ್ಕೆ ಕಾರಣಗಳ ಸರಪಳಿ ಇರುವುದನ್ನು ಅವನು ರಣರಂಗದಲ್ಲಿ ಕಂಡ.

ಮನಸ್ಸು ಒಂದೇ ರಾತ್ರಿಯಲ್ಲಿ ಬದಲಾಯಿತೇ? ಇಲ್ಲ. ನಮ್ಮ ಕೊಪ್ಪಳದ ಬಂಡೆಯೇ ಇದಕ್ಕೆ ಸಾಕ್ಷಿ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕಿಂತ ಹೆಚ್ಚಾಯಿತು, ಮೊದಲ ಒಂದು ವರ್ಷ ಹೇಳಿಕೊಳ್ಳುವಂಥ ಪ್ರಯತ್ನ ಮಾಡಲಿಲ್ಲ, ಸಂಘದ ಸಾಮೀಪ್ಯ ಸಿಕ್ಕ ಮೇಲೆ ಶ್ರಮಿಸಿದೆ ಎಂದು ಚಕ್ರವರ್ತಿ ಊರೂರಿನ ಕಲ್ಲಿನ ಮೇಲೆ ಒಪ್ಪಿಕೊಂಡಿದ್ದಾನೆ. ಈ ಫಲ ದೊಡ್ಡವರಿಗೆ ಮಾತ್ರವಲ್ಲ, ಶ್ರಮಿಸಿದರೆ ಸಣ್ಣವರಿಗೂ ಸಿಗುತ್ತದೆ ಎಂದಿದ್ದಾನೆ. ಗಡಿಯಾಚೆಯ ಜನರಿಗೂ ಇದು ತಿಳಿಯಲಿ ಎಂದು ಸೇರಿಸಿದ್ದಾನೆ. ಗಡಿ ಸೀಮೆಯ ನಮ್ಮ ಬೆಟ್ಟದ ಮೇಲೆ ಆ ಮಾತು ಕೆತ್ತಿದ್ದು ಅರ್ಥಪೂರ್ಣ.

☸️ *ಬಾವಿ, ಮರ, ಮದ್ದು*

ಈಗ ಮುಖ್ಯ ವಿಷಯಕ್ಕೆ ಬರೋಣ. ಅಶೋಕನ ಎರಡನೆಯ ಬಂಡೆ ಶಾಸನ ಒಂದು ಕೆಲಸದ ಪಟ್ಟಿ. ಮನುಷ್ಯರಿಗೆ ಚಿಕಿತ್ಸೆ, ಪಶುಗಳಿಗೆ ಚಿಕಿತ್ಸೆ. ಔಷಧದ ಗಿಡಮೂಲಿಕೆ ಎಲ್ಲಿ ಇಲ್ಲವೋ ಅಲ್ಲಿಗೆ ತರಿಸಿ ನೆಡಿಸುವುದು. ಗೆಡ್ಡೆಗೆಣಸು, ಹಣ್ಣಿನ ಗಿಡಗಳಿಗೂ ಅದೇ ವ್ಯವಸ್ಥೆ. ದಾರಿಯುದ್ದಕ್ಕೂ ಬಾವಿ ತೋಡಿಸುವುದು, ಮರ ನೆಡಿಸುವುದು. ಇದೆಲ್ಲ ದನಕ್ಕೂ ಜನಕ್ಕೂ.

ಇಂಥ ಕೆಲಸ ಬೇರೆ ರಾಜರೂ ಮಾಡಿದ್ದಾರೆ. ಅಶೋಕನ ಪಟ್ಟಿಯ ವಿಶೇಷ ಸ್ಥಳಗಳ ಹೆಸರಿನಲ್ಲಿದೆ. ತನ್ನ ರಾಜ್ಯದ ಜೊತೆಗೆ ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರ, ತಾಮ್ರಪರ್ಣಿಯವರೆಗೆ, ಅತ್ತ ಯವನ ದೊರೆ ಅಂತಿಯೋಕ ಮತ್ತು ಅವನ ನೆರೆಯ ಅರಸರ ನಾಡುಗಳವರೆಗೆ ಈ ಕೆಲಸ ನಡೆದಿದೆ ಎಂದು ಹೇಳುತ್ತಾನೆ. ಹದಿಮೂರನೆಯ ಶಾಸನದಲ್ಲಿ ಐವರು ಯವನ ದೊರೆಗಳ ಹೆಸರು ಬರುತ್ತದೆ. ಸಿರಿಯಾದ ಅಂತಿಯೋಕ, ಈಜಿಪ್ಟಿನ ತುರಮಾಯ, ಮೆಸಿಡೋನಿಯದ ಅಂತಿಕಿನಿ, ಉತ್ತರ ಆಫ್ರಿಕದ ಸೈರೀನಿನ ಮಗ, ಮತ್ತು ಅಲಿಕಸುಂದರ. ಈ ನಾಡುಗಳನ್ನು ಗೆಲ್ಲಬೇಕೆಂದು ಹಟ ಹಿಡಿಯುವಷ್ಟು ಸೈನ್ಯ ಅವನಲ್ಲಿತ್ತು. ಅವನು ಕಳಿಸಿದ್ದು ಮದ್ದಿನ ಬೇರು ಮತ್ತು ದೂತರನ್ನು.

ಎರೆ ಹೊಲದ ನಾಡಿನವರಾದ ನಮಗೆ ಸಿಹಿನೀರಿನ ಬಾವಿಯ ಬೆಲೆ ಬಿಡಿಸಿ ಹೇಳಬೇಕಿಲ್ಲ. ಬಾವಿ ಯಾರ ರಾಜ್ಯದವನೆಂದು ಕೇಳುವುದಿಲ್ಲ. ಯಾವನ ಊರಿನಿಂದ ದಂಡು ಬರುತ್ತದೋ ಎಂದು ಹೆದರುತ್ತಿದ್ದ ಜನರಿಗೆ, ಆ ಊರಿನಿಂದ ವೈದ್ಯ ಬಂದರೆ ಹೆದರಿಕೆ ತಾನಾಗಿ ಸಡಿಲುತ್ತದೆ. ಇಂದು ಒಂದು ದೇಶ ಇನ್ನೊಂದು ದೇಶದ ಆಸ್ಪತ್ರೆ, ಶಾಲೆ, ನೀರಿಗೆ ನೆರವಾಗಿ ಜಗಳದ ಬೇರನ್ನೇ ಒಣಗಿಸುವ ಪ್ರಯತ್ನ ಮಾಡುತ್ತದೆ. ವಿಶ್ವಸಂಸ್ಥೆ 2005ರಲ್ಲಿ ಶಾಂತಿ ನಿರ್ಮಾಣಕ್ಕೆಂದೇ ಒಂದು ಆಯೋಗ ರಚಿಸಿತು. ಆ ವಿಚಾರದ ಒಂದು ಹಳೆಯ ಗುರುತು ಅಶೋಕನ ಈ ಕಲ್ಲಿನ ಮೇಲಿದೆ.

ಇನ್ನೊಂದು ಸಂಗತಿ. ಗುಜರಾತಿನ ಗಿರ್ನಾರಿನ ಬಳಿ ಚಂದ್ರಗುಪ್ತನ ಕಾಲದಲ್ಲಿ ಸುದರ್ಶನ ಎಂಬ ಕೆರೆ ಕಟ್ಟಿದ್ದರು. ಅದಕ್ಕೆ ಅಶೋಕನ ಕಾಲದಲ್ಲಿ ಕಾಲುವೆ ಮಾಡಿಸಿದವನು ತುಷಾಸ್ಫ ಎಂಬ ಯವನ ಅಧಿಕಾರಿ ಎಂದು ರುದ್ರದಾಮನನ ಶಾಸನ ಹೇಳುತ್ತದೆ. ಹೊರಗಿನವನೆಂದು ಕರೆಸಿಕೊಳ್ಳುವವನ ಕೈಗೆ ಅಶೋಕನ ಆಡಳಿತ ನೀರಿನ ಕೆಲಸ ಒಪ್ಪಿಸಿತ್ತು.

☸️ *ಹೆದರಿಕೆ ತೆಗೆಯುವುದು*

ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯ ಆವರಣದಲ್ಲಿ, 1980ರ ದಶಕದಲ್ಲಿ ಕಾಳಿಕಾ ಗುಡಿಯ ಛಾವಣಿ ಕುಸಿಯಿತು. ಆಗ ದೇವಿಯ ಪೀಠವಾಗಿ ಬಳಕೆಯಲ್ಲಿದ್ದ ಕಲ್ಲಿನ ಮೇಲೆ ಅಶೋಕನ ಅಕ್ಷರ ಕಂಡಿತು. ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು ಅದರಲ್ಲಿದ್ದವು.

ಒಂದು ಶಾಸನ ಗಡಿಯ ಜನರ ಕುರಿತು. ಗೆಲ್ಲದೆ ಉಳಿದ ನೆರೆಯವರು ಈ ದೊರೆಯ ಮನಸ್ಸಿನಲ್ಲಿ ಏನಿದೆಯೋ ಎಂದು ಅನುಮಾನಿಸುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಅವರು ತನಗೆ ಅಂಜಬಾರದು, ತನ್ನಿಂದ ಅವರಿಗೆ ಸುಖವೇ ಹೊರತು ದುಃಖವಿಲ್ಲ, ಕ್ಷಮಿಸಲಾಗುವ ತಪ್ಪನ್ನು ತಾನು ಕ್ಷಮಿಸುತ್ತೇನೆ, ಎಲ್ಲ ಜನರೂ ತನಗೆ ಮಕ್ಕಳಂತೆ ಎಂಬ ಭರವಸೆಯನ್ನು ಅವರ ಮನಸ್ಸಿಗೆ ಮುಟ್ಟಿಸಿ ಎಂದು ಅಧಿಕಾರಿಗಳಿಗೆ ಹೇಳಿದ.

ಇನ್ನೊಂದು ಶಾಸನ ಅಧಿಕಾರಿಗಳ ಕುರಿತೇ. ಕಾರಣವಿಲ್ಲದೆ ಒಬ್ಬ ಬಂಧನಕ್ಕೊಳಗಾದರೆ ಅವನೊಂದಿಗೆ ಬಹಳ ಜನ ನೋಯುತ್ತಾರೆ. ಮತ್ಸರ, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ದಣಿವು ಇವುಗಳಿಂದ ನ್ಯಾಯ ಕೆಡುತ್ತದೆ. ಆದ್ದರಿಂದ ಐದು ವರ್ಷಕ್ಕೊಮ್ಮೆ ಮೃದು ಸ್ವಭಾವದ ಹಿರಿಯ ಅಧಿಕಾರಿಗಳನ್ನು ತಪಾಸಣೆಗೆ ಕಳಿಸುವ ವ್ಯವಸ್ಥೆ ಮಾಡಿದ. ಈ ಆಜ್ಞೆಯನ್ನು ತಿಷ್ಯ ನಕ್ಷತ್ರದ ದಿನ ಓದಿ ಹೇಳಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬೇಕು ಎಂದ. ಅದೇ ಸನ್ನತಿಯ ಕಲ್ಲಿನ ಮೇಲೆ ಹನ್ನೆರಡನೆಯ ಶಾಸನವೂ ಇದೆ. ತನ್ನ ಪಂಥವನ್ನು ಹೊಗಳಲು ಪರರ ಪಂಥವನ್ನು ತೆಗಳುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ನಾಲಿಗೆ ಹಿಡಿತದಲ್ಲಿರಲಿ ಎಂಬುದು ಅದರ ಸಾರ. ಎಲ್ಲ ಪಂಥಗಳ ನಡುವೆ ಕೆಲಸ ಮಾಡಲು ಧಮ್ಮ ಮಹಾಮಾತ್ರರನ್ನೂ ನೇಮಿಸಿದ.

☸️ *ಅವನು ಮಾಡದೆ ಬಿಟ್ಟದ್ದು*

ಅಶೋಕನನ್ನು ದೇವರನ್ನಾಗಿ ಮಾಡುವುದು ಬೇಡ. ಕಳಿಂಗವನ್ನು ಅವನು ಮರಳಿ ಕೊಡಲಿಲ್ಲ. ಮರಣದಂಡನೆಯನ್ನು ತೆಗೆಯಲಿಲ್ಲ, ಮೂರು ದಿನದ ಅವಕಾಶ ಮಾತ್ರ ಕೊಟ್ಟ. ಕಾಡಿನ ಜನರಿಗೆ ಕರುಣೆಯ ಮಾತಿನ ಜೊತೆಗೆ ತನ್ನ ಬಲವನ್ನೂ ನೆನಪಿಸಿದ. ಪಶ್ಚಾತ್ತಾಪದ ಹದಿಮೂರನೆಯ ಶಾಸನವನ್ನು ಕಳಿಂಗದ ಬಂಡೆಗಳ ಮೇಲೆ ಕೆತ್ತಿಸಲಿಲ್ಲ, ಅಲ್ಲಿ ಕೆತ್ತಿಸಿದ್ದು ಅಧಿಕಾರಿಗಳಿಗೆ ಕೊಟ್ಟ ಆ ಎರಡು ಆಜ್ಞೆಗಳನ್ನು. ನೊಂದವರೆದುರು ದುಃಖ ತೋಡಿಕೊಳ್ಳುವುದಕ್ಕಿಂತ, ಅವರನ್ನು ಆಳುವವರ ಕೈ ಹಿಡಿದು ನಿಲ್ಲಿಸುವುದು ಮೇಲೆಂದು ಭಾವಿಸಿದನೋ, ಸೋತವರೆದುರು ತಪ್ಪೊಪ್ಪಲು ಹಿಂಜರಿದನೋ, ನೀವೇ ಯೋಚಿಸಿ. ಶಾಂತಿಯ ಕೆಲಸ ಮಾಡಿದ ದೊರೆಯ ಲೆಕ್ಕದಲ್ಲೂ ಬಾಕಿ ಉಳಿದಿತ್ತು.

ಕೊನೆಗಾಲದ ಬಗ್ಗೆ ಅಶೋಕಾವದಾನ ಒಂದು ಕತೆ ಹೇಳುತ್ತದೆ. ಎಲ್ಲ ಅಧಿಕಾರ ಕೈತಪ್ಪಿದ ಮುದುಕ ದೊರೆಯ ಬಳಿ ಉಳಿದದ್ದು ಅರ್ಧ ನೆಲ್ಲಿಕಾಯಿ. ಅದನ್ನೂ ಸಂಘಕ್ಕೆ ದಾನ ಕೊಟ್ಟ. ಅವನು ತೀರಿಕೊಂಡದ್ದು ಸುಮಾರು ಕ್ರಿ.ಪೂ. 232ರಲ್ಲಿ. ಐವತ್ತು ವರ್ಷ ಕಳೆಯುವಷ್ಟರಲ್ಲಿ ಮೌರ್ಯ ವಂಶವೇ ಅಳಿಯಿತು. ರಾಜ್ಯ ಉಳಿಯಲಿಲ್ಲ, ಮಾತು ಉಳಿಯಿತು. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಧಮ್ಮ ದೀಕ್ಷೆ ಪಡೆದದ್ದು ಅಶೋಕ ವಿಜಯದಶಮಿಯ ದಿನವೇ.

☸️ *ನಮ್ಮ ನೆಲದ ಮಾತು*

ನರಗುಂದದ ನೆನಪಿಲ್ಲದೆ ಈ ಚಿಂತನೆ ಪೂರ್ತಿಯಾಗದು. ಮಲಪ್ರಭೆಯ ಕಾಲುವೆ ಅಭಿವೃದ್ಧಿಯ ಹೆಸರಿನಲ್ಲೇ ಬಂತು. ಅದರ ಹಿಂದೆ ಅಭಿವೃದ್ಧಿ ಕರವೂ ಬಂತು. ರೈತರ ಅಳಲು ಕೂಡುತ್ತಾ ಹೋಯಿತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಅದು ಸಿಡಿಯಿತು. ಗೋಲಿಬಾರ್ ಆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಎರಡೂ ಕಡೆಯ ಮನೆಗಳಲ್ಲಿ ಅಳು ಒಂದೇ ಆಗಿತ್ತು. ಕಾಲುವೆ ತೋಡಿದರೆ ಸಾಲದು, ಜನರ ಮಾತು ಕೇಳಲು ಯಾರಾದರೂ ಮೊದಲೇ ಬರಬೇಕು. ಅಶೋಕನ ಆ ಐದು ವರ್ಷದ ತಪಾಸಣೆಯ ಅರ್ಥ ನಮಗಿಂತ ಚೆನ್ನಾಗಿ ಯಾರಿಗೆ ತಿಳಿದೀತು?

2015ರಿಂದ ಮಹದಾಯಿ ನೀರಿಗಾಗಿ ಅದೇ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ನಡೆಯಿತು. 2018ರಲ್ಲಿ ನ್ಯಾಯಮಂಡಳಿಯ ತೀರ್ಪು ಬಂದರೂ ವಿವಾದ ಮುಗಿಯಲಿಲ್ಲ. ನಮ್ಮ ಬಾಯಾರಿಕೆ ನಿಜ, ಬೇಡಿಕೆ ಬಿಡಬೇಕಿಲ್ಲ. ನದಿ ಬತ್ತೀತೆಂಬ ಗೋವೆಯವರ ಅಂಜಿಕೆಯೂ ಅವರಿಗೆ ಅಷ್ಟೇ ನಿಜ. ನೀರಿನ ಲೆಕ್ಕ ನ್ಯಾಯಾಲಯ ಮಾಡಲಿ. ಗಡಿಯಾಚೆಯವರನ್ನು ಶತ್ರುಗಳೆಂದು ಬೈಯುವ ಸಂದೇಶವನ್ನು ಮುಂದಕ್ಕೆ ಕಳಿಸದೆ ಇರುವುದು ಮಾತ್ರ ನಮ್ಮ ಕೈಯಲ್ಲೇ ಇದೆ.

*ಇಂದಿನ ಅಭ್ಯಾಸ:* ನಿಮಗೆ ಅಂಜುವ ಒಬ್ಬರನ್ನು ನೆನಪಿಗೆ ತಂದುಕೊಳ್ಳಿ. ಮನೆಯವರಿರಬಹುದು, ಬದುವಿನಾಚೆಯ ಹೊಲದವರಿರಬಹುದು, ಕೈಕೆಳಗೆ ದುಡಿಯುವವರಿರಬಹುದು. ಐದು ನಿಮಿಷ ಅವರಿಗೆ ಮೈತ್ರಿ ಭಾವನೆ ಮಾಡಿ. ಆಮೇಲೆ ಸಂಜೆಯೊಳಗೆ ಅವರ ಅಂಜಿಕೆ ಕಡಿಮೆಯಾಗುವ ಒಂದು ಸಣ್ಣ ಕೆಲಸ ಮಾಡಿ. ಮಾತು ಆಮೇಲೆ ಆಡಿದರಾಯಿತು.

ಎಲ್ಲ ಜೀವಿಗಳಿಗೂ ಒಳ್ಳೆಯದಾಗಲಿ. ನಮೋ ಬುದ್ಧಾಯ, ಜೈ ಭೀಮ್ 🙏