ಕಾಲಿನ್ ಚಾಪ್‌ಮನ್

ಆಂಥೊನಿ ಕಾಲಿನ್ ಬ್ರೂಸ್ ಚಾಪ್‌ಮನ್ (೧೯ ಮೇ ೧೯೨೮ – ೧೬ ಡಿಸೆಂಬರ್ ೧೯೮೨) ಇಂಗ್ಲೆಂಡಿನ ವಾಹನ ವಿನ್ಯಾಸಕಾರರು ಮತ್ತು ಲೋಟಸ್ ಕಾರು ಸಂಸ್ಥೆಯ ಸ್ಥಾಪಕರು. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದಕ್ಕಿಂತ ಕಾರಿನ ತೂಕವನ್ನು ತಗ್ಗಿಸುವುದೇ ಮೇಲೆಂಬುದು ಇವರ ವಿನ್ಯಾಸಗಳ ಮೂಲತತ್ತ್ವ. ಇವರ ನೇತೃತ್ವದಲ್ಲಿ ಲೋಟಸ್ ತಂಡವು ೧೯೬೩ರಿಂದ ೧೯೭೮ರ ಅವಧಿಯಲ್ಲಿ ಏಳು ಬಾರಿ ಫಾರ್ಮುಲಾ ೧ ತಯಾರಕರ ಪ್ರಶಸ್ತಿಯನ್ನು ಗೆದ್ದಿತು.

ಆರಂಭಿಕ ಜೀವನ

ಚಾಪ್‌ಮನ್ ಲಂಡನ್ ಸಮೀಪದ ರಿಚ್ಮಂಡ್‌ನಲ್ಲಿ ಜನಿಸಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಚನಾ ಎಂಜಿನಿಯರಿಂಗ್ ವ್ಯಾಸಂಗ ಮಾಡಿದರು. ೧೯೪೮ರಲ್ಲಿ ಹಳೆಯ ಆಸ್ಟಿನ್ ೭ ಕಾರಿನ ಆಧಾರದ ಮೇಲೆ ತಮ್ಮ ಮೊದಲ ಕಾರನ್ನು ನಿರ್ಮಿಸಿದರು. ೧೯೫೨ರಲ್ಲಿ, ಮುಂದೆ ತಮ್ಮ ಪತ್ನಿಯಾದ ಹೇಝಲ್ ವಿಲಿಯಮ್ಸ್ ಅವರಿಂದ ೨೫ ಪೌಂಡ್ ಸಾಲ ಪಡೆದು, ಹಾರ್ನ್ಸಿಯಲ್ಲಿ ತಂದೆಯ ಹೋಟೆಲಿನ ಹಿಂದಿದ್ದ ಕುದುರೆಲಾಯದಲ್ಲಿ ಸಂಸ್ಥೆಯನ್ನು ಆರಂಭಿಸಿದರು.

ಬಿಡಿಭಾಗಗಳ ಕಾರುಗಳು

ಲೋಟಸ್ ಮಾರ್ಕ್ ೬ (೧೯೫೨) ಮತ್ತು ಲೋಟಸ್ ಸೆವೆನ್ (೧೯೫೭) ಕಾರುಗಳನ್ನು ಬಿಡಿಭಾಗಗಳ ರೂಪದಲ್ಲಿ ಮಾರಲಾಗುತ್ತಿತ್ತು. ಗ್ರಾಹಕರು ಅವುಗಳನ್ನು ತಾವೇ ಜೋಡಿಸಿಕೊಳ್ಳುತ್ತಿದ್ದುದರಿಂದ ಬ್ರಿಟನ್ನಿನ ಖರೀದಿ ತೆರಿಗೆಯ ಹೊರೆ ತಪ್ಪುತ್ತಿತ್ತು. ಸೆವೆನ್ ಕಾರಿನ ತೂಕ ೫೦೦ ಕಿಲೋಗ್ರಾಂಗಳ ಆಸುಪಾಸಿನಲ್ಲಿತ್ತು. ೧೯೭೩ರಲ್ಲಿ ಇದರ ತಯಾರಿಕೆಯ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಗೆ ವರ್ಗಾವಣೆಯಾಯಿತು.

ತೂಕ ಮತ್ತು ಸ್ಪ್ರಿಂಗ್

ಹಗುರವಾದ ಕಾರಿಗೆ ಸ್ಪ್ರಿಂಗ್ ಆರಿಸುವುದು ಸುಲಭವಲ್ಲ. ಸ್ಪ್ರಿಂಗನ್ನು ನಿಗದಿತ ಅಂತರ ಕುಗ್ಗಿಸಲು ಬೇಕಾಗುವ ಬಲವೇ ಅದರ ಬಿಗಿತ. ಕಾರಿನ ಒಡಲು ಸೆಕೆಂಡಿಗೆ ಎಷ್ಟು ಬಾರಿ ಮೇಲೆ ಕೆಳಗೆ ಆಡುತ್ತದೆಂಬುದು, ಈ ಬಿಗಿತಕ್ಕೂ ಸ್ಪ್ರಿಂಗ್ ಹೊರುವ ತೂಕಕ್ಕೂ ಇರುವ ಅನುಪಾತದ ವರ್ಗಮೂಲವನ್ನು ಅವಲಂಬಿಸಿದೆ. ಆದ್ದರಿಂದ ತೂಕ ಅರ್ಧವಾದರೆ ಬಿಗಿತವೂ ಅರ್ಧವಾಗಬೇಕು. ಭಾರವಾದ ಕಾರಿನ ಸ್ಪ್ರಿಂಗನ್ನು ಹಗುರ ಕಾರಿಗೆ ಅಳವಡಿಸಿದರೆ ಉಬ್ಬುತಗ್ಗುಗಳಲ್ಲಿ ಚಕ್ರಗಳು ನೆಲದಿಂದ ಚಿಮ್ಮಿ ಹಿಡಿತ ತಪ್ಪುತ್ತದೆ. ಆದರೆ ಮೆದುತನಕ್ಕೂ ಮಿತಿಯುಂಟು. ತಲಾ ೭೦ ಕಿಲೋಗ್ರಾಂ ತೂಕದ ಇಬ್ಬರು ಕುಳಿತರೆ ೫೦೦ ಕಿಲೋಗ್ರಾಂ ಕಾರಿನ ಹೊರೆ ಕಾಲುಭಾಗಕ್ಕಿಂತ ಹೆಚ್ಚಾಗುತ್ತದೆ. ಆಗ ಅತಿ ಮೆದುವಾದ ಸ್ಪ್ರಿಂಗ್ ಪೂರ್ತಿ ಕುಸಿಯಬಹುದು.

ಚಾಪ್‌ಮನ್ ಅವರು ಗಡುಸಾದ ಚೌಕಟ್ಟು, ಮೆದುವಾದ ಸ್ಪ್ರಿಂಗ್, ಚಕ್ರದ ದೀರ್ಘ ಚಲನೆ ಹಾಗೂ ಆಡುವಿಕೆಯನ್ನು ತಡೆಯುವ ಸಮರ್ಥ ಡ್ಯಾಂಪರ್‌ಗಳನ್ನು ಒಂದುಗೂಡಿಸಿದರು. ೧೯೬೨ರ ಲೋಟಸ್ ಎಲಾನ್ ಇದಕ್ಕೆ ಉತ್ತಮ ನಿದರ್ಶನ. ಅದೇ ವರ್ಷದ ಲೋಟಸ್ ೨೫ ರೇಸ್ ಕಾರಿನಲ್ಲಿ ಕೊಳವೆಗಳ ಚೌಕಟ್ಟನ್ನು ಕೈಬಿಟ್ಟು, ಲೋಹದ ಹಾಳೆಗಳ ಒಡಲನ್ನೇ ಭಾರ ಹೊರುವ ರಚನೆಯಾಗಿಸಿದರು. ಈ ಕಾರಿನಲ್ಲಿ ಜಿಮ್ ಕ್ಲಾರ್ಕ್ ೧೯೬೩ರ ವಿಶ್ವ ಚಾಂಪಿಯನ್ ಆದರು.

ಟೀಕೆಗಳು

ತೂಕ ತಗ್ಗಿಸುವ ಭರದಲ್ಲಿ ಭಾಗಗಳ ದೃಢತೆಯನ್ನು ಕಡೆಗಣಿಸಲಾಗುತ್ತಿದೆ ಎಂಬ ಟೀಕೆ ಲೋಟಸ್ ಕಾರುಗಳ ಮೇಲಿತ್ತು. ತಂಡದ ಚಾಲಕ ಯೋಖೆನ್ ರಿಂಟ್ ಈ ಆತಂಕವನ್ನು ಚಾಪ್‌ಮನ್ ಅವರಿಗೇ ತಿಳಿಸಿದ್ದರು. ೧೯೭೦ರ ಸೆಪ್ಟೆಂಬರಿನಲ್ಲಿ ಇಟಲಿಯ ಮೊಂಜಾದಲ್ಲಿ ಲೋಟಸ್ ೭೨ ಕಾರು ಅಪಘಾತಕ್ಕೀಡಾಗಿ ರಿಂಟ್ ಮೃತಪಟ್ಟರು. ಆ ವರ್ಷದ ಚಾಂಪಿಯನ್ ಪಟ್ಟ ಅವರಿಗೆ ಮರಣೋತ್ತರವಾಗಿ ಸಂದಿತು.

ಕೊನೆಯ ವರ್ಷಗಳು

ಲೋಟಸ್ ೭೮ ಮತ್ತು ೭೯ ಕಾರುಗಳು ತಮ್ಮ ಅಡಿಯಲ್ಲಿ ಹರಿಯುವ ಗಾಳಿಯ ಒತ್ತಡವನ್ನು ತಗ್ಗಿಸಿ, ನೆಲಕ್ಕೆ ಬಲವಾಗಿ ಒತ್ತಿಕೊಳ್ಳುತ್ತಿದ್ದವು. ಮಾರಿಯೊ ಆಂಡ್ರೆಟ್ಟಿ ೧೯೭೮ರಲ್ಲಿ ಚಾಂಪಿಯನ್ ಆದರು. ಆದರೆ ಈ ಒತ್ತಡವನ್ನು ತಾಳಲು ಸ್ಪ್ರಿಂಗ್‌ಗಳು ಅತಿ ಬಿಗಿಯಾಗಬೇಕಾಯಿತು. ಅದರಿಂದ ಚಾಲಕರು ತೀವ್ರ ಕುಲುಕಾಟಕ್ಕೆ ಒಳಗಾದರು. ಇದಕ್ಕೆ ಪರಿಹಾರವಾಗಿ ೧೯೮೧ರ ಲೋಟಸ್ ೮೮ರಲ್ಲಿ ಎರಡು ಚಾಸಿಗಳನ್ನು ಅಳವಡಿಸಲಾಯಿತು. ಹೊರಗಿನದು ಬಿಗಿ ಸ್ಪ್ರಿಂಗ್‌ಗಳ ಮೂಲಕ ಗಾಳಿಯ ಒತ್ತಡವನ್ನು ಚಕ್ರಗಳಿಗೆ ರವಾನಿಸುತ್ತಿತ್ತು. ಒಳಗಿನದು ಚಾಲಕನನ್ನೂ ಎಂಜಿನ್ನನ್ನೂ ಮೆದು ಸ್ಪ್ರಿಂಗ್‌ಗಳ ಮೇಲೆ ಹೊರುತ್ತಿತ್ತು. ಇತರ ತಂಡಗಳ ಪ್ರತಿಭಟನೆಯಿಂದ ಈ ಕಾರನ್ನು ನಿಷೇಧಿಸಲಾಯಿತು.

ಚಾಪ್‌ಮನ್ ೧೯೮೨ರಲ್ಲಿ, ತಮ್ಮ ೫೪ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ನಿಧನರಾದರು. ಮರುವರ್ಷ ಲೋಟಸ್ ೯೨ ಕಾರು ಗಣಕ ನಿಯಂತ್ರಿತ ಸಸ್ಪೆನ್ಶನ್‌ನೊಂದಿಗೆ ಸ್ಪರ್ಧೆಗಿಳಿಯಿತು. ಸೆವೆನ್ ಮಾದರಿಯ ಕಾರುಗಳನ್ನು ಕೇಟರ್‌ಹ್ಯಾಮ್ ಸಂಸ್ಥೆ ಇಂದಿಗೂ ತಯಾರಿಸುತ್ತಿದೆ.